ಬಿಸಿಲಿಲ್ಲದ ಊರಿಗೆ ಬಂದ ಆಮೆ

12 ಮೇ 2024, ಭಾನುವಾರ
ಬಾಳೆಹೊಳೆ

ತಮ್ಮನ ಮಗ ಬೆಂಗಳೂರಿನಿಂದ ಬಂದು ತನ್ನ ಆಮೆಯನ್ನು ನಮ್ಮಲ್ಲಿ ಬಿಟ್ಟುಹೋದ. ಕೆಲಸಕ್ಕೆಂದು ಜರ್ಮನಿಗೆ ಹೊರಟಿದ್ದಾನೆ. "ಅತ್ತೆ, ನಿಮ್ಮಲ್ಲಿ ಜಾಗ ಇದೆ, ನೀರಿದೆ. ಬೇರೆ ಯಾರನ್ನು ಕೇಳಲಿ?" ಅಂದ. ಜಾಗ, ನೀರು ಎರಡೂ ಇವೆ, ನಿಜ. ಬಿಸಿಲು ಮಾತ್ರ ಇನ್ನೊಂದು ತಿಂಗಳಲ್ಲಿ ಮಾಯವಾಗುತ್ತದೆ.

ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ರೆಡ್ ಇಯರ್ಡ್ ಸ್ಲೈಡರ್. ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು. ಅಂಗಡಿಯಲ್ಲಿ ಮಾರುವಾಗ ಒಂದೂವರೆ ಇಂಚಿನ ಮರಿ, ಅಂಗೈಯಲ್ಲಿ ಕೂರುತ್ತದೆ. ಇದರ ಚಿಪ್ಪು ಈಗ 5 ಇಂಚು. ಮುಂಗಾಲಿನ ಉಗುರು ಗಿಡ್ಡ, ಹಾಗಾಗಿ ಹೆಣ್ಣೇ ಇರಬೇಕು. ಹೆಣ್ಣು 10–12 ಇಂಚಿನವರೆಗೂ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 30 ವರ್ಷ ದಾಟಿ ಬದುಕುತ್ತದೆ. ಚಿಪ್ಪಿನ ಇಂಚಿಗೆ 40 ಲೀಟರ್ ನೀರು ಎಂಬುದು ಸಾಕುವವರ ಲೆಕ್ಕ. ಅಂದರೆ ಇವತ್ತಿಗೆ 200 ಲೀಟರ್, ಮುಂದೆ 400. ತಮ್ಮನ ಮಗ ದೊಡ್ಡ ಗಾಜಿನ ತೊಟ್ಟಿಯನ್ನೇ ಪಿಕಪ್‌ನಲ್ಲಿ ತಂದಿದ್ದಾನೆ. ಜಗಲಿಯ ಮೂಲೆಯಲ್ಲಿ, ಗೋಡೆಯ ಆಸರೆಗೆ ಇಟ್ಟೆವು.

19 ಮೇ, ಭಾನುವಾರ

ಬೆಳಿಗ್ಗೆ ಆಮೆ ನೀರಿನಿಂದ ಹಲಗೆಯ ಮೇಲೆ ಹತ್ತಿ, ಹಿಂಗಾಲುಗಳನ್ನು ಚಾಚಿ, ಬೆರಳುಗಳನ್ನು ಅಗಲಿಸಿ ಬಿಸಿಲಿಗೆ ಮಲಗಿತ್ತು. "ಅಜ್ಜಿ, ಸತ್ತುಹೋಯ್ತಾ?" ಎಂದು ಪುಟ್ಟಿ ಓಡಿಬಂದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ನಮ್ಮ ಮೈಯ ಕಾವು ಒಳಗೇ ಹುಟ್ಟುತ್ತದೆ. ಆಮೆ, ಓತಿಕ್ಯಾತ, ಹಲ್ಲಿಗಳಿಗೆ ಅದು ಹೊರಗಿನಿಂದ ಬರಬೇಕು. ಮೈ ಕಾಯದಿದ್ದರೆ ತಿಂದದ್ದು ಅರಗುವುದಿಲ್ಲ, ರೋಗ ತಡೆಯುವ ಶಕ್ತಿಯೂ ಇರುವುದಿಲ್ಲ. ಅದಕ್ಕೇ ನೀರು 24–28 ಡಿಗ್ರಿ, ಹಲಗೆಯ ಮೇಲೆ 31–33 ಡಿಗ್ರಿ. ಬೆಚ್ಚಗಿನ ಜಾಗ, ತಂಪಿನ ಜಾಗ ಎರಡನ್ನೂ ಕೊಟ್ಟು, ಎಲ್ಲಿರಬೇಕೆಂಬುದನ್ನು ಅದಕ್ಕೇ ಬಿಡಬೇಕು.

ಕಾವಿನ ಜೊತೆಗೆ ಬಿಸಿಲಿನಲ್ಲಿರುವ ಅತಿನೇರಳೆ ಬಿ (ಯುವಿ-ಬಿ) ಕಿರಣವೂ ಬೇಕು. ಅದು ಚರ್ಮಕ್ಕೆ ಬಿದ್ದರೆ ಡಿ3 ಜೀವಸತ್ವ ತಯಾರಾಗುತ್ತದೆ. ಡಿ3 ಇಲ್ಲದೆ ಸುಣ್ಣದಂಶ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗಿ ಮೂಳೆ ಸೊಟ್ಟಗಾಗುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ತಡೆದುಬಿಡುತ್ತದೆ. ಗಾಜಿನೊಳಗಿನಿಂದ ಬಂದ ಬಿಸಿಲು ಕಾವು ಕೊಡಬಹುದು, ಮೂಳೆ ಕೊಡದು.

ಅಡಿಕೆಗೆ ಬೋರ್ಡೋ ಹೊಡೆಯಲು ತಯಾರಿ ನಡೆದಿದೆ. ಅದರಲ್ಲಿರುವ ಮೈಲುತುತ್ತದ ತಾಮ್ರ ನೀರಿನ ಜೀವಿಗಳಿಗೆ ವಿಷ. ಆಮೆಯ ಬಕೆಟ್ಟು, ಪೈಪು, ಜಗ್ಗಿಗೆ ಹಳದಿ ಬಣ್ಣ ಬಳಿಸಿ ಬೇರೆ ಇಡಿಸಿದೆ. ಔಷಧಿ ಬಿದ್ದ ಜಾಗದ ಎರೆಹುಳ ಹಾಕಬಾರದೆಂದು ಎಲ್ಲರಿಗೂ ಹೇಳಿದ್ದೇನೆ.

23 ಜೂನ್, ಭಾನುವಾರ

ಆರಿದ್ರ ಮಳೆ ಹಿಡಿದಿದೆ. ಮಧ್ಯಾಹ್ನ ಎರಡು ಗಂಟೆಗೇ ಜಗಲಿಯಲ್ಲಿ ದೀಪ ಬೇಕು. ಇನ್ನು ಸೆಪ್ಟೆಂಬರಿನವರೆಗೆ ಈ ಪ್ರಾಣಿಗೆ ಸೂರ್ಯನೆಂದರೆ ಹಲಗೆಯ ಮೇಲಿನ ಯುವಿ ಟ್ಯೂಬು ಮತ್ತು ಕಾವಿನ ಬಲ್ಬು. ಬೆಳಿಗ್ಗೆ ಏಳಕ್ಕೆ ಹತ್ತಿಸಿ ಸಂಜೆ ಆರಕ್ಕೆ ಆರಿಸುತ್ತೇನೆ. ರಾತ್ರಿ ಕತ್ತಲೆಯೂ ಬೇಕು. ಟ್ಯೂಬು ಕಣ್ಣಿಗೆ ಬೆಳಗುತ್ತಿದ್ದರೂ ಅದರೊಳಗಿನ ಕಿರಣ ಆರು ತಿಂಗಳಿನಿಂದ ವರ್ಷದೊಳಗೆ ಸೊರಗುತ್ತದೆ. ಹಾಕಿದ ತಾರೀಕನ್ನು ಅದರ ಹಿಡಿಯ ಮೇಲೆ ಬರೆದಿದ್ದೇನೆ.

ಊಟದ ವಿಷಯ. ಮರಿಗೆ ಹುಳ, ಮೀನು, ಕಾಳಿನಾಹಾರ ಹೆಚ್ಚು ಬೇಕು, ಬೆಳೆದಂತೆ ಸೊಪ್ಪು ಹೆಚ್ಚಾಗಬೇಕು. ಅಂಗಡಿಯವರು ಕೊಡುವ ಒಣಸಿಗಡಿಯೊಂದರಿಂದಲೇ ಬೆಳೆಸಿದರೆ ಜೀವಸತ್ವ ಎ ಕಡಿಮೆಯಾಗಿ ಕಣ್ಣು ಊದಿಕೊಳ್ಳುತ್ತದೆ. ನಾನು ಆಮೆಯ ಕಾಳಿನ ಜೊತೆ ಹಿಪ್ಪುನೇರಳೆ ಎಲೆ, ತುರಿದ ಕ್ಯಾರೆಟ್, ಎರೆಹುಳ ಕೊಡುತ್ತೇನೆ. ಪಾಲಕ್ ಇಲ್ಲ, ಅದರಲ್ಲಿರುವ ಆಕ್ಸಲೇಟು ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಗಿಳಿಗೆ ಕೊಡುವ ಕಟಲ್ ಬೋನ್ ಒಂದು ತುಂಡು ನೀರಿನಲ್ಲಿ ಸದಾ ತೇಲುತ್ತಿರುತ್ತದೆ.

18 ಜುಲೈ, ಗುರುವಾರ

ಪುನರ್ವಸು ಅಬ್ಬರಿಸುತ್ತಿದೆ. ಲೈನಿನ ಮೇಲೆ ಮರ ಬಿದ್ದು ಮೊನ್ನೆಯಿಂದ ಕರೆಂಟಿಲ್ಲ. ನಮ್ಮ ಇನ್ವರ್ಟರು ಯುವಿ ಟ್ಯೂಬು, ಫಿಲ್ಟರುಗಳನ್ನು ಸ್ವಲ್ಪ ಹೊತ್ತು ಎಳೆಯುತ್ತದೆ, ನೀರಿನ ಹೀಟರನ್ನಲ್ಲ. ಬೆಳಿಗ್ಗೆ ತೊಟ್ಟಿಯ ನೀರು 20 ಡಿಗ್ರಿಗೆ ಇಳಿದಿತ್ತು.

20 ಡಿಗ್ರಿ ಆಮೆಗೆ ಒಡನೆಯೇ ಸಾವೇನಲ್ಲ. ಆದರೆ ನಿದ್ದೆಗೆ ಜಾರುವಷ್ಟು ಚಳಿಯೂ ಅಲ್ಲದ, ಚುರುಕಾಗಿರುವಷ್ಟು ಬಿಸಿಯೂ ಅಲ್ಲದ ಈ ನಡುವಿನ ಸ್ಥಿತಿ ಎಳೆದಷ್ಟೂ ಶ್ವಾಸಕೋಶಕ್ಕೆ ಅಪಾಯ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಈಜುವಾಗ ಒಂದು ಕಡೆಗೆ ವಾಲುವುದು: ಇವು ಕಂಡರೆ ಕಾಯದೆ ವೈದ್ಯರ ಬಳಿ ಹೋಗಬೇಕು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ನಂಬರನ್ನು ಗೋಡೆಯ ಮೇಲೆ ಅಂಟಿಸಿದ್ದೇವೆ.

ಊಟ ನಿಲ್ಲಿಸಿದೆ. ತಣ್ಣನೆಯ ಹೊಟ್ಟೆಯಲ್ಲಿ ಆಹಾರ ಕೊಳೆಯುತ್ತದೆ, ಫಿಲ್ಟರ್ ಇಲ್ಲದ ನೀರೂ ಕೆಡುತ್ತದೆ. ತೊಟ್ಟಿಯ ಮೂರು ಬದಿಗೆ ಥರ್ಮೋಕೋಲ್ ಕಟ್ಟಿ, ಬಚ್ಚಲ ಹಂಡೆಯ ಬಿಸಿನೀರನ್ನು ಅಬ್ಬಿ ನೀರಿಗೆ ಬೆರೆಸಿ, ಥರ್ಮಾಮೀಟರ್ ನೋಡುತ್ತ ಜಗ್ಗಿನಿಂದ ಸ್ವಲ್ಪಸ್ವಲ್ಪವೇ ಹಾಕಿದೆವು. ಸಂಜೆಗೆ 24. ಪುಟ್ಟಿಗೆ ಮಳೆರಜೆ. ಥರ್ಮಾಮೀಟರ್ ಹಿಡಿದುಕೊಂಡು ಕೂರುವ ಕೆಲಸ ಅವಳದೇ.

4 ಆಗಸ್ಟ್, ಭಾನುವಾರ

ನಮ್ಮಲ್ಲಿ ಆಮೆ ಇದೆಯೆಂಬ ಸುದ್ದಿ ಹರಡಿದೆ. ಲೈನ್ ಮನೆಯ ಹುಡುಗ ಗದ್ದೆಯ ಬದುವಿನಲ್ಲಿ ಸಿಕ್ಕ ಆಮೆಯೊಂದನ್ನು ಗೋಣಿಯಲ್ಲಿ ತಂದ. "ಅಮ್ಮಾ, ಇದನ್ನೂ ಸಾಕಿ." ಮೆದು ಚಿಪ್ಪಿನದು. ಹಿಂಗಾಲು ಒಳಗೆಳೆದುಕೊಂಡಾಗ ಹೊಟ್ಟೆಯ ಕಡೆಯ ಚರ್ಮದ ಮಡಿಕೆಗಳು ಬಾಗಿಲಂತೆ ಮುಚ್ಚಿಕೊಂಡವು. ಲಿಸ್ಸೆಮಿಸ್ ಪಂಕ್ಟೇಟಾ, ನಮ್ಮ ಕೆರೆಗದ್ದೆಗಳದೇ ಜೀವ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಉಡವೂ, ನಕ್ಷತ್ರ ಆಮೆಯೂ ಅದೇ ಪಟ್ಟಿಯಲ್ಲಿವೆ. ಅವುಗಳನ್ನು ಹಿಡಿದಿಟ್ಟವರಿಗೆ ಮೂರರಿಂದ ಏಳು ವರ್ಷ ಸೆರೆ. ಮನೆಯಲ್ಲಿದ್ದರೆ ಅದೃಷ್ಟ ಎಂಬ ನಂಬಿಕೆಗೆ ಬಯಲುಸೀಮೆಯ ನಕ್ಷತ್ರ ಆಮೆಗಳು ಎಷ್ಟೋ ಬಲಿಯಾಗಿವೆ.

ಹುಡುಗನ ಮೇಲೆ ರೇಗಲಿಲ್ಲ. ಅವನನ್ನೇ ಕರೆದುಕೊಂಡು ಅದೇ ಬದುವಿಗೆ ಹೋಗಿ ಬಿಡಿಸಿದೆ. ಬೇರೆ ಕೆರೆಗೆ ಬಿಟ್ಟರೆ ಅದಕ್ಕೆ ದಾರಿ ತಪ್ಪುತ್ತದೆ. ಬಂದಮೇಲೆ ಇಬ್ಬರೂ ಸೋಪು ಹಚ್ಚಿ ಕೈ ತೊಳೆದೆವು. ಆಮೆಗಳು ಆರೋಗ್ಯವಾಗಿದ್ದರೂ ಅವುಗಳ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು. ಇದೇ ಕಾರಣಕ್ಕೆ ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬಾರದು, ಐದು ವರ್ಷದೊಳಗಿನ ಮಕ್ಕಳ ಕೈಗೆ ಆಮೆ ಕೊಡಬಾರದು. ನಮ್ಮ ಮನೆಯಲ್ಲಿ ಈ ನಿಯಮಕ್ಕೆ ರಿಯಾಯಿತಿ ಇಲ್ಲ.

22 ಆಗಸ್ಟ್, ಗುರುವಾರ

ಮೂಡಿಗೆರೆಯಿಂದ ಗೆಳತಿಯ ಫೋನು. ಅವಳ ಮಗನ ಬಳಿ ಹಸಿರು ಇಗ್ವಾನಾ ಇದೆ. ಫೆಬ್ರುವರಿ 28ರ ಹೊಸ ನಿಯಮದ ಪ್ರಕಾರ, ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಸಾಕಿದವರು ಆರು ತಿಂಗಳೊಳಗೆ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಇಗ್ವಾನಾ ಆ ಪಟ್ಟಿಯಲ್ಲಿದೆ. ಗಡುವು ಮುಂದಿನ ವಾರ. ಇವತ್ತೇ ಕೂತು ಅರ್ಜಿ ತುಂಬಿಸೆಂದೆ.

ಅವನಿಗೆ ಈಗ ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿಯೂ ಬೇಕಂತೆ. "ಸಾಕಲು ಸುಲಭ ಅಂತಾರಲ್ಲೇ?" ಎಂದಳು. ಸುಲಭ ಎನ್ನುವುದು ಊರಿನ ಮೇಲೆ ಹೋಗುತ್ತದೆ. ಅದು ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯ ಜೀವ. ಬಿಸಿಲು ಕಾಯುವ ಕಲ್ಲು 40 ಡಿಗ್ರಿ ಆಸುಪಾಸು ಇರಬೇಕು, ಗಾಳಿಯ ತೇವಾಂಶ ನೂರಕ್ಕೆ 30–40. ಮೂಡಿಗೆರೆಯ ಜುಲೈಯಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುತ್ತದೆ. ಇಗ್ವಾನಾಕ್ಕೆ ನಮ್ಮ ತೇವ ಹಿಡಿಸೀತು, ಆದರೆ ಬಾಲ ಸೇರಿ ಐದಾರು ಅಡಿ ಬೆಳೆಯುವ, ಬರೀ ಸೊಪ್ಪು ತಿನ್ನುವ ಆ ಪ್ರಾಣಿಗೆ ಒಂದು ಕೋಣೆಯೇ ಬೇಕು. ಮೊದಲ ಸಲ ಸಾಕುವವರು ಬೆಲೆ ವಿಚಾರಿಸುತ್ತಾರೆ. ವಿಚಾರಿಸಬೇಕಾದದ್ದು ತವರು. ಆ ತವರಿನ ಕಾವು, ತೇವ, ಬೆಳಕನ್ನು ವರ್ಷವಿಡೀ ನನ್ನ ಮನೆಯಲ್ಲಿ ಕೊಡಬಲ್ಲೆನೇ ಎಂದು ಕೇಳಿಕೊಂಡ ಮೇಲೆ ಉಳಿದದ್ದು.

8 ಸೆಪ್ಟೆಂಬರ್, ಭಾನುವಾರ

ನಿನ್ನೆ ಚೌತಿ. ಇವತ್ತು ಲೇಖಕ ತೇಜಸ್ವಿಯವರು ಹುಟ್ಟಿದ ದಿನ, 1938. ಪುಟ್ಟಿ ಇತ್ತೀಚೆಗೆ ಒಂದೇ ಪ್ರಶ್ನೆ ಹಿಡಿದಿದ್ದಾಳೆ: "ನಮ್ಮ ತೋಟದ ಹಾರುವ ಓತಿಯನ್ನು ಯಾಕೆ ಸಾಕಬಾರದು?"

ಮಳೆ ಬಿಟ್ಟಾಗ ಅವಳನ್ನು ಅಡಿಕೆ ತೋಟಕ್ಕೆ ಕರೆದೊಯ್ದೆ. ಬಹಳ ಹೊತ್ತು ನಿಂತಮೇಲೆ ಒಂದು ಕಂಡಿತು, ತೊಗಟೆಯ ಬಣ್ಣವೇ. ಗಂಡು, ಗಂಟಲಿನ ಹಳದಿ ಚೀಲವನ್ನು ಬಿಚ್ಚಿ ಮುಚ್ಚುತ್ತಿತ್ತು. ಆಮೇಲೆ ಪಕ್ಕೆಲುಬು ಅಗಲಿಸಿ ಚರ್ಮದ ಪೊರೆ ಹರಡಿ ಇನ್ನೊಂದು ಮರಕ್ಕೆ ಜಾರಿತು. ಅದರ ಮುಖ್ಯ ಆಹಾರ ಇರುವೆ. ತೇಲಲು ಎತ್ತರದ ಮರಗಳ ಸಾಲು ಬೇಕು. ಮೊಟ್ಟೆಯಿಡಲು ಮಾತ್ರ ಹೆಣ್ಣು ನೆಲಕ್ಕಿಳಿಯುತ್ತದೆ. ಇಷ್ಟನ್ನೂ ಯಾವ ತೊಟ್ಟಿಯಲ್ಲಿ ಇಡುವುದು? 1980ರಲ್ಲಿ ಬಂದ ತೇಜಸ್ವಿಯವರ ಕಾದಂಬರಿ 'ಕರ್ವಾಲೊ'ದಲ್ಲಿ ಇದೇ ಓತಿಯನ್ನು ಹುಡುಕಿ ಕಾಡು ಅಲೆದವರ ಕೈಗೆ ಅದು ಕೊನೆಗೂ ಸಿಗುವುದಿಲ್ಲ. ಆ ಕಥೆಯನ್ನು ಮಲಗುವಾಗ ಹೇಳಿದೆ. ಮೂಡಿಗೆರೆಯ ಸುತ್ತಿನ ಮಕ್ಕಳಿಗೆ ಓತಿ ನೋಡಲು ಪಂಜರ ಬೇಕಿಲ್ಲ, ತೋಟದ ನೆರಳಿನ ಮರಗಳು ಉಳಿದರೆ ಸಾಕು.

13 ಅಕ್ಟೋಬರ್, ಭಾನುವಾರ

ದಸರೆ ಮುಗಿಯಿತು. ಊಟ ಮಾಡಿ ಎಲ್ಲರೂ ಕೂತಿದ್ದಾಗ ಮಾತೆತ್ತಿದೆ. ನನಗೆ 63. ಆಮೆಗೆ ಇನ್ನೂ ಇಪ್ಪತ್ತೈದು ಮೂವತ್ತು ವರ್ಷ ಆಯುಸ್ಸಿದೆ. ನನ್ನ ನಂತರ ಯಾರು?

ಮಗ ತಾನು ನೋಡಿಕೊಳ್ಳುವೆನೆಂದ. ಸೊಸೆ ಒಂದು ಮಾತು ಸೇರಿಸಿದಳು: "ಯಾರಿಂದ ಆಗದಿದ್ದರೂ ಹೊಳೆಗೆ ಬಿಡುವ ಮಾತು ಬೇಡ." ಅವಳು ಹೇಳಿದ್ದು ಸರಿ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯೂ ಇದೆ. ಬಿಸಿಲಿನ ಜಾಗ, ಆಹಾರ ಎರಡರಲ್ಲೂ ಊರಿನ ಆಮೆಗಳನ್ನು ಹಿಂದೆ ತಳ್ಳುತ್ತದೆ. ನಮ್ಮ ಹಳ್ಳ ಸೇರುವುದು ಭದ್ರೆಗೆ.

ಅಂಗಳದಲ್ಲಿ ಸಿಮೆಂಟಿನ ಕೊಳ ಕಟ್ಟಿಸುವುದೆಂದು ತೀರ್ಮಾನವಾಯಿತು. ನವೆಂಬರಿನಿಂದ ಮೇವರೆಗೆ ಆಮೆ ಅಲ್ಲಿರುತ್ತದೆ, ಮಳೆಗಾಲದಲ್ಲಿ ಜಗಲಿಯ ತೊಟ್ಟಿಯಲ್ಲಿ. ಹತ್ತಿ ಹೋಗದಂತೆ ಎರಡಡಿ ಗೋಡೆಗೆ ಒಳಚಾಚು, ಮುಂಗುಸಿ ಮತ್ತು ಹದ್ದಿನ ಭಯಕ್ಕೆ ಮೇಲೆ ಬಲೆ, ಹೆಚ್ಚಿನ ನೀರು ಹೋಗುವ ಪೈಪಿಗೆ ಎರಡು ಜಾಲರಿ, ಅರ್ಧಕ್ಕೆ ನೆರಳು. ಅರೇಬಿಕಾ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ, ಹಾಗಾಗಿ ನಾಳೆಯೇ ಬರಲು ಮೇಸ್ತ್ರಿಗೆ ಹೇಳಿದ್ದೇವೆ. ಹೊಸ ಯುವಿ ಟ್ಯೂಬಿನ ದುಡ್ಡನ್ನು ಈ ವರ್ಷದಿಂದ ಗೊಬ್ಬರ, ಕೂಲಿಯ ಜೊತೆ ತೋಟದ ಖರ್ಚಿನ ಪುಸ್ತಕದಲ್ಲೇ ಬರೆಯುತ್ತೇನೆ. ಆ ಪುಸ್ತಕ ನನ್ನ ನಂತರವೂ ಈ ಮನೆಯಲ್ಲಿ ಮುಂದುವರಿಯುತ್ತದೆ.