ಆಕಿಹಾಬಾರಾ: ನಾಣ್ಯ ಹಾಕಿದರೆ ನೆನಪು ಹಾಡುತ್ತೆ!

ಟೋಕಿಯೋಗೆ ಹೋಗಿ ಬಂದೆ ಅಂದರೆ ಸಾಕು, ಎಲ್ಲರೂ ಕೇಳೋದು ಅದೇ ಎರಡು ಪ್ರಶ್ನೆ. "ಫ್ಯೂಜಿ ಬೆಟ್ಟ ನೋಡಿದೆಯಾ? ಬುಲೆಟ್ ರೈಲು ಹತ್ತಿದೆಯಾ?" ಎರಡೂ ಇಲ್ಲ ಸ್ವಾಮಿ! ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಗೆಳೆಯನ ರೂಮಿನಲ್ಲಿ ಎಂಟು ದಿನ ಬಿಟ್ಟಿ ಊಟ, ಬಿಟ್ಟಿ ನಿದ್ದೆ ಮಾಡಿಕೊಂಡಿದ್ದ ಈ ಬಡ ಪತ್ರಕರ್ತ ಮೂರು ಸಂಜೆ ಕಳೆದದ್ದು ಒಂದೇ ಜಾಗದಲ್ಲಿ. ಅದರ ಹೆಸರು ಆಕಿಹಾಬಾರಾ.

ಸಿನಿಮಾ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಅಂತ ಕೇಳಬೇಡಿ. ಇದೂ ಸಂಗೀತ ನಿರ್ದೇಶಕರ ಕಥೆಯೇ. ಆದರೆ ಇವರು ಟ್ಯೂನು ಹಾಕಿದ್ದು ಬೆಳ್ಳಿತೆರೆಗಲ್ಲ, ಹದಿನಾಲ್ಕಂಗುಲದ ಟೀವಿ ಗಾಜಿಗೆ!

ರೈಲು ಹಳಿಯ ಕೆಳಗಿನ ಸಂತೆ

ಹಸಿರು ಪಟ್ಟಿಯ ಯಾಮಾನೋಟೆ ರೈಲು ಟೋಕಿಯೋ ನಗರಕ್ಕೆ ಉಂಗುರದ ಹಾಗೆ ಸುತ್ತು ಹಾಕುತ್ತೆ. ಅದರಲ್ಲಿ ಆಕಿಹಾಬಾರಾ ಒಂದು ಸ್ಟೇಷನ್ನು. ಹೊರಗೆ ಕಾಲಿಟ್ಟರೆ ಸಾಕು, ಕಣ್ಣು ಕೋರೈಸುವ ಬಣ್ಣದ ಬೋರ್ಡುಗಳು, ಆರಾರು ಮಹಡಿಯ ಅಂಗಡಿಗಳು, ಗೊಂಬೆಯ ಹಾಗೆ ಲಂಗ ತೊಟ್ಟು ಕರಪತ್ರ ಹಂಚುವ ಹುಡುಗಿಯರು. ಹಬ್ಬದ ರಾತ್ರಿಯ ಮೆಜೆಸ್ಟಿಕ್ಕೇ ಸರಿ!

ಈ ಊರಿಗೆ 'ಎಲೆಕ್ಟ್ರಿಕ್ ಟೌನ್' ಅಂತಲೇ ಅಡ್ಡಹೆಸರು. ಎರಡನೇ ಮಹಾಯುದ್ಧ ಮುಗಿದು ಟೋಕಿಯೋ ಬೂದಿಯಾಗಿದ್ದ ಕಾಲದಲ್ಲಿ ಇಲ್ಲಿ ರಸ್ತೆ ಬದಿಯಲ್ಲಿ ರೇಡಿಯೋ ವಾಲ್ವು, ತಂತಿ, ಬಿಡಿಭಾಗ ಮಾರುತ್ತಿದ್ದರು. ಆಮೇಲೆ ಆ ವ್ಯಾಪಾರಿಗಳು ರೈಲು ಹಳಿಯ ಕೆಳಗೆ ಪುಟ್ಟ ಪುಟ್ಟ ಗೂಡಂಗಡಿ ಹಾಕಿಕೊಂಡರು. ಆ ಗೂಡುಗಳು ಇವತ್ತಿಗೂ ಇವೆ. ಮೊಣಕೈ ಚಾಚಲು ಜಾಗವಿಲ್ಲ, ಡಬ್ಬಿ ಡಬ್ಬಿಗಳಲ್ಲಿ ಸ್ವಿಚ್ಚು, ಬಲ್ಬು, ರೆಸಿಸ್ಟರು. ಬೆಂಗಳೂರಿನ ಎಸ್.ಪಿ. ರೋಡನ್ನು ತಂದು ತೊಳೆದು ಒರೆಸಿ ಇಟ್ಟ ಹಾಗಿತ್ತು. ರೇಡಿಯೋ ಆದ ಮೇಲೆ ಟೀವಿ ಬಂತು, ಟೀವಿ ಆದ ಮೇಲೆ ಕಂಪ್ಯೂಟರು, ಅದರ ಹಿಂದೆಯೇ ವಿಡಿಯೋ ಗೇಮು.

ನಾಲ್ಕೇ ಸ್ವರ, ಎದೆ ಢವಢವ

ಗೆಳೆಯ ನನ್ನನ್ನು ಕರೆದೊಯ್ದದ್ದು 'ಸೂಪರ್ ಪೊಟಾಟೋ' ಎಂಬ ಅಂಗಡಿಗೆ. ಹೆಸರು ಕೇಳಿ ಬೋಂಡಾ ಅಂಗಡಿ ಅಂದುಕೊಂಡೆ! ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಹೋದರೆ ಗೋಡೆ ತುಂಬ ಹಳೇ ಕ್ಯಾಸೆಟ್ಟುಗಳು. ಹಾಡಿನ ಕ್ಯಾಸೆಟ್ಟಲ್ಲ, ಆಟದ ಕ್ಯಾಸೆಟ್ಟು. ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ. ಮೇಲಿನ ಐದನೇ ಮಹಡಿಯಲ್ಲಿ ಹಳೇ ಮಿಷೀನುಗಳು. 100 ಯೆನ್ ನಾಣ್ಯ ಹಾಕಿದರೆ ಒಂದಾಟ. ನಮ್ಮ ದುಡ್ಡಿನಲ್ಲಿ ಐವತ್ತೈದು, ಅರವತ್ತು ರೂಪಾಯಿ ಅನ್ನಿ.

ಈ ಹುಚ್ಚು ಜಪಾನಿಗೆ ಹತ್ತಿದ್ದು 1978ರಲ್ಲಿ. ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ಅನ್ನೋ ಆಟ ಮಾಡಿದರು. ಮೇಲಿನಿಂದ ಸಾಲು ಸಾಲಾಗಿ ಇಳಿದು ಬರುವ ಅನ್ಯಗ್ರಹದ ಪ್ರಾಣಿಗಳನ್ನು ಕೆಳಗಿನಿಂದ ಗುಂಡು ಹಾರಿಸಿ ಹೊಡೆಯಬೇಕು. ಕಾಫಿ ಹೋಟೆಲಿನವರು ಮಾಮೂಲಿ ಟೇಬಲ್ಲು ತೆಗೆದು ಮಿಷೀನು ಇರುವ ಟೇಬಲ್ಲು ಹಾಕಿಸಿದರು. ಈ ಒಂದು ಆಟಕ್ಕೆಂದೇ 'ಇನ್ವೇಡರ್ ಹೌಸ್' ಎಂಬ ಅಂಗಡಿಗಳು ಹುಟ್ಟಿದವು. ನಮ್ಮಲ್ಲಿ ಸೂಪರ್ ಹಿಟ್ ಚಿತ್ರಕ್ಕೆ ಟೆಂಟ್ ಹಾಕಿಸಿದ ಹಾಗೆ!

ಆ ಆಟಕ್ಕೆ ಇದ್ದ ಸಂಗೀತ ಎಷ್ಟು ಗೊತ್ತೇ? ನಾಲ್ಕೇ ಸ್ವರ. ಢುಂ… ಢುಂ… ಢುಂ… ಢುಂ… ಮೆಟ್ಟಿಲಿಳಿದ ಹಾಗೆ ಕೆಳಗಿಳಿದು ಮತ್ತೆ ಮೊದಲಿಂದ. ಶತ್ರುಗಳು ಕಡಿಮೆಯಾದಂತೆಲ್ಲ ಮಿಷೀನಿಗೆ ಚಿತ್ರ ಬಿಡಿಸುವ ಭಾರ ಕಡಿಮೆಯಾಗಿ ಉಳಿದವರು ಜೋರಾಗಿ ಓಡುತ್ತಾರೆ. ಅವರ ಜತೆಗೆ ಸ್ವರವೂ ಓಡುತ್ತೆ. ಕೊನೆಗೆ ಅದು ನಿಮ್ಮದೇ ಎದೆಬಡಿತವೋ ಮಿಷೀನಿನದೋ ಗೊತ್ತಾಗೋಲ್ಲ. ಕ್ಲೈಮ್ಯಾಕ್ಸ್ ದೃಶ್ಯಕ್ಕೆ ರೀರೆಕಾರ್ಡಿಂಗ್ ಮಾಡುವವರು ಇದಕ್ಕಿಂತ ಹೆಚ್ಚೇನು ಮಾಡಿಯಾರು?

ಅದೇ 1978ರಲ್ಲಿ 'ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ' ಎಂಬ ಜಪಾನೀ ತಂಡ ತನ್ನ ಮೊದಲ ರೆಕಾರ್ಡಿನಲ್ಲೇ ಈ ಥರದ ಮಿಷೀನುಗಳ ಸದ್ದನ್ನು ಸೇರಿಸಿಬಿಟ್ಟಿತು. ಅದೇ ತಂಡದ ಹರುಓಮಿ ಹೊಸೋನೊ 1984ರಲ್ಲಿ ನಾಮ್ಕೊ ಕಂಪನಿಯ ಆಟಗಳ ಸಂಗೀತವನ್ನೇ ಇಡೀ ಒಂದು ಎಲ್.ಪಿ.ಯಾಗಿ ತಂದರು. ಆಟದ ಸದ್ದು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಹಾಡಾಯಿತು.

ಐದು ದನಿಯ ಆರ್ಕೆಸ್ಟ್ರಾ

1983ರ ಜುಲೈ 15ರಂದು ನಿಂಟೆಂಡೊ ಕಂಪನಿ 14,800 ಯೆನ್ನಿಗೆ 'ಫ್ಯಾಮಿಕಾಂ' ಎಂಬ ಕೆಂಪು ಬಿಳಿ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಟೀವಿಗೆ ಸಿಕ್ಕಿಸಿಕೊಂಡು ಮನೆಯಲ್ಲೇ ಆಡಬಹುದು. ಅದರೊಳಗೆ ಐದೇ ದನಿ. ಎರಡು ದನಿ ಟ್ಯೂನಿಗೆ, ಒಂದು ದನಿ ಬೇಸಿಗೆ, ಒಂದು ಬರೀ 'ಚುಸ್ ಚುಸ್' ಅನ್ನೋ ಸದ್ದು (ಅದೇ ಡ್ರಮ್ಸು!), ಇನ್ನೊಂದು ರೆಕಾರ್ಡು ಮಾಡಿದ ತುಣುಕು ಸದ್ದಿಗೆ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲೂ ಇದಕ್ಕಿಂತ ಹೆಚ್ಚು ಜನ ಇರ್ತಾರೆ.

ಇಷ್ಟರಲ್ಲೇ ಕೋಜಿ ಕೊಂಡೊ ಎಂಬ ಇಪ್ಪತ್ನಾಲ್ಕರ ಹುಡುಗ ಜಗತ್ತನ್ನು ಕುಣಿಸಿದ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟದ ಸಂಗೀತ ಅವನದೇ. ಮೊದಲು ಮಾಡಿದ ಟ್ಯೂನು ಮಾರಿಯೋನ ಓಟಕ್ಕೆ, ನೆಗೆತಕ್ಕೆ ಹೊಂದಲಿಲ್ಲ ಅಂತ ಅದನ್ನು ಪಕ್ಕಕ್ಕಿಟ್ಟು ಬೇರೆ ಮಾಡಿದ. ಇಡೀ ಆಟ, ಚಿತ್ರ, ಹಾಡು ಎಲ್ಲ ಸೇರಿ 40 ಕಿಲೋಬೈಟು. ಈಗ ವಾಟ್ಸಾಪಿನಲ್ಲಿ ಮಾವ ಕಳಿಸುವ 'ಗುಡ್ ಮಾರ್ನಿಂಗ್' ಹೂವಿನ ಚಿತ್ರ ಅದಕ್ಕಿಂತ ದೊಡ್ಡದು ಕಣ್ರೀ! ದನಿಗಳ ಬಡತನ ಎಷ್ಟೆಂದರೆ, ಮಾರಿಯೋ ಎಗರಿದಾಗ ಬರುವ 'ಬೊಯಿಂಗ್' ಸದ್ದಿಗೆ ಜಾಗ ಬಿಡಲು ಹಾಡಿನ ಒಂದು ದನಿ ಒಂದು ಕ್ಷಣ ಬಾಯಿ ಮುಚ್ಚಬೇಕು. ಕಿವಿ ಕೊಟ್ಟು ಕೇಳಿದರೆ ಗೊತ್ತಾಗುತ್ತೆ. ಟೈಮು ನೂರಕ್ಕಿಂತ ಕೆಳಗೆ ಇಳಿದಾಗ ಅದೇ ಹಾಡು ಗಡಿಬಿಡಿಯಲ್ಲಿ ಓಡುತ್ತೆ.

ಇದನ್ನೆಲ್ಲ ನಾನು ಬಲ್ಲೆ. ಆದರೆ ಓದುಗ ಮಿತ್ರರೇ, ಒಂದು ಗುಟ್ಟು ಹೇಳಲೇ? ಚಿಕ್ಕಂದಿನಲ್ಲಿ ಮೂರು ವರ್ಷ ಮಾರಿಯೋ ಆಡಿದ ನಾನು ಆಗ ಆ ಹಾಡನ್ನು ಒಂದು ಸಲವೂ ಕೇಳಿರಲಿಲ್ಲ!

ನಮ್ಮನೆಯ ಮಾರಿಯೋ

ಜಪಾನಿನಲ್ಲಿ ಫ್ಯಾಮಿಕಾಂ ತಯಾರಿಕೆ ನಿಂತದ್ದು 2003ರಲ್ಲಿ. ಅರಸೀಕೆರೆಯ ನಮ್ಮ ಮನೆಗೆ ಅದು ಬಂದದ್ದು 2005ರಲ್ಲಿ! ಅಸಲಿಯಲ್ಲ, ಅದರ ನಕಲಿ. ಬಸ್ ಕಂಡಕ್ಟರಾಗಿದ್ದ ಅಪ್ಪ ಬೆಂಗಳೂರು ಡ್ಯೂಟಿ ಮುಗಿಸಿ ಬರುವಾಗ ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಚೌಕಾಶಿ ಮಾಡಿ ತಂದರು. ಕ್ಯಾಸೆಟ್ಟಿನ ಮೇಲೆ '9999 ಆಟಗಳು' ಅಂತ ಬರೆದಿತ್ತು. ಅದೇ ಏಳೆಂಟು ಆಟ ಬೇರೆ ಬೇರೆ ಹೆಸರಿನಲ್ಲಿ ತಿರುಗಿ ತಿರುಗಿ ಬರುತ್ತಿದ್ದವು.

ಹಳೇ ಟೀವಿಗೆ ಸಿಕ್ಕಿಸಿದೆವು. ಚಿತ್ರ ಬಂತು. ಸದ್ದು ಬರಲಿಲ್ಲ. ಬರೀ 'ಸರ್' ಅಂತ ಮಳೆ ಸುರಿದ ಹಾಗೆ. ಟೀವಿ ರಿಪೇರಿಯವರನ್ನು ಕರೆಸಿದರೆ ಅವರು ನಕ್ಕರು. ಚಿತ್ರದ ಅಲೆಗೂ ಸದ್ದಿನ ಅಲೆಗೂ ನಡುವೆ ನಮ್ಮ ಟೀವಿಯಲ್ಲಿ 5.5 ಮೆಗಾಹರ್ಟ್ಸ್ ಅಂತರ, ಚೀನಾದ್ದರಲ್ಲಿ 6.5. ಈ ಪೆಟ್ಟಿಗೆ ಅಲ್ಲಿನ ಟೀವಿಗೆ ಮಾಡಿದ್ದು. "ಮೂಕಿ ಸಿನಿಮಾ ಅಂದ್ಕೊಂಡು ಆಡ್ರಪ್ಪ" ಅಂತ ಹೇಳಿ ಟೀ ಕುಡಿದು ಹೋದರು.

ನನಗಿಂತ ಆರು ವರ್ಷ ದೊಡ್ಡವನಾದ ಅಣ್ಣ ಸುಮ್ಮನಿರುವ ಆಸಾಮಿಯಲ್ಲ. ಟೀವಿ ಸದ್ದು ಪೂರ್ತಿ ಇಳಿಸಿದ. ಅಪ್ಪನ ಟೇಪ್ ರೆಕಾರ್ಡರು ತಂದು ಟೀವಿ ಮೇಲಿಟ್ಟ. ಮನೆಯಲ್ಲಿದ್ದ ಕ್ಯಾಸೆಟ್ಟುಗಳಲ್ಲಿ ಅವನ ಪ್ರಾಣ 'ಪ್ರೇಮಲೋಕ'. 1987ರ ಚಿತ್ರ, ನಾವಿಬ್ಬರೂ ಹುಟ್ಟೋದಕ್ಕೆ ಮುಂಚಿನದು. ರವಿಚಂದ್ರನ್ ಬೈಕು, ಹಂಸಲೇಖರ ಹಾಡು. ಅಂದಿನಿಂದ ನಮ್ಮನೆಯ ಮಾರಿಯೋ ಓಡಿದ್ದು, ಎಗರಿದ್ದು, ಗುಂಡಿಗೆ ಬಿದ್ದದ್ದು ಎಲ್ಲವೂ ಹಂಸಲೇಖರ ತಾಳಕ್ಕೆ!

ಸರದಿಯ ಲೆಕ್ಕವೂ ಕ್ಯಾಸೆಟ್ಟಿನದೇ. ಎ ಸೈಡು ಮುಗಿಯೋವರೆಗೆ ಅಣ್ಣನ ಆಟ. 'ಟಕ್' ಅಂತ ಬಟನ್ನು ಮೇಲೆದ್ದರೆ ಕ್ಯಾಸೆಟ್ಟು ತಿರುವಿ ಹಾಕಬೇಕು. ಬಿ ಸೈಡು ನನ್ನದು. ನಾನು ಬೇಗ ಸತ್ತರೆ ಅಣ್ಣ ಬೈಯುತ್ತಿರಲಿಲ್ಲ, "ಹಾಡು ಇನ್ನೂ ಐತಲ್ಲೋ, ಆಡು" ಅಂತಿದ್ದ.

ಆಮೇಲಿನ ಕಥೆ ಸಿನಿಮಾದಷ್ಟೇ ಹಳೆಯದು. ಎಸ್ಸೆಸ್ಸೆಲ್ಸಿ ಆದ ಮೇಲೆ ಅಣ್ಣ ಗ್ಯಾರೇಜಿಗೆ ಸೇರಿದ, ನಾನು ಕಾಲೇಜು ಓದಲಿ ಅಂತ. ನಾನು ಪಿಯುಸಿ ಅರ್ಧಕ್ಕೇ ಬಿಟ್ಟು ಗಾಂಧಿನಗರದ ಬಸ್ಸು ಹತ್ತಿದೆ. ಅಣ್ಣ ಜಗಳ ಆಡಲಿಲ್ಲ. ಮಾತು ನಿಲ್ಲಿಸಿದ. ಹತ್ತು ವರ್ಷದಲ್ಲಿ ಮದುವೆ ಮುಂಜಿಯಲ್ಲಿ ಎದುರಾದರೆ "ಊಟ ಆಯ್ತಾ?" ಅಷ್ಟೇ.

ಒಲಿಂಪಿಕ್ಸ್ ಮೈದಾನದವರೆಗೆ

ಆ ಪೀಂ ಪೀಂ ಸಂಗೀತ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. 1986ರ 'ಡ್ರ್ಯಾಗನ್ ಕ್ವೆಸ್ಟ್' ಆಟಕ್ಕೆ ಸಂಗೀತ ಕೊಟ್ಟ ಕೋಯಿಚಿ ಸುಗಿಯಾಮಾ ಮೊದಲೇ ಟೀವಿ ಮತ್ತು ಪಾಪ್ ಹಾಡುಗಳಲ್ಲಿ ಹೆಸರಾದವರು. ಮರುವರ್ಷವೇ, 1987ರಲ್ಲಿ, ಆ ಆಟದ ಸಂಗೀತವನ್ನು ಟೋಕಿಯೋದ ಸನ್‌ಟರಿ ಹಾಲಿನಲ್ಲಿ ಆರ್ಕೆಸ್ಟ್ರಾದಿಂದ ನುಡಿಸಿದರು. 2021ರ ಜುಲೈ 23ರಂದು ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆ. ಕೊರೋನಾ ಕಾಟ, ಗ್ಯಾಲರಿ ಖಾಲಿ. ಆಟಗಾರರ ಮೆರವಣಿಗೆ ಮೈದಾನಕ್ಕೆ ಕಾಲಿಟ್ಟಾಗ ಮೊದಲು ಮೊಳಗಿದ್ದು ಅದೇ 'ಡ್ರ್ಯಾಗನ್ ಕ್ವೆಸ್ಟ್' ಸಂಗೀತ! ಆ ಸೆಪ್ಟೆಂಬರಿನಲ್ಲೇ ಸುಗಿಯಾಮಾ ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾರಿಯೋ ಟ್ಯೂನನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆ ಮರ್ಯಾದೆ ಪಡೆದ ಮೊದಲ ವಿಡಿಯೋ ಗೇಮ್ ಸಂಗೀತ ಅದು.

ಆದರೆ ಐದನೇ ಮಹಡಿಯಲ್ಲಿ ನಾನು ಕಂಡ ಒಬ್ಬರಿಗೆ ಈ ದೊಡ್ಡ ಸುದ್ದಿಗಳು ಬೇಕಿರಲಿಲ್ಲ. ಐವತ್ತು ದಾಟಿದ ವಯಸ್ಸು, ಆಫೀಸಿನ ಕೋಟು, ಕಾಲಿನ ನಡುವೆ ಬ್ಯಾಗು. ಗೆಳೆಯನ ಮೂಲಕ ಮಾತಾಡಿಸಿದೆ. ಹಳೇ ಆಟದ ಜತೆ ಅವರಿಗೆ ನೆನಪಾಗೋದು ಆಟದ ಹಾಡಲ್ಲವಂತೆ. ಮನೆಯ ಒಂದೇ ಟೀವಿಯನ್ನು ಇವರು ಹಿಡಿದುಕೊಂಡಿದ್ದರಿಂದ ಅಪ್ಪ ಪಕ್ಕದಲ್ಲಿ ಕೂತು ರೇಡಿಯೋದಲ್ಲಿ ಬೇಸ್‌ಬಾಲ್ ಕಾಮೆಂಟರಿ ಕೇಳುತ್ತಿದ್ದರಂತೆ. ಈಗಲೂ ಬಟನ್ನು ಒತ್ತಿದರೆ ಕಿವಿಯಲ್ಲಿ ಆ ಕಾಮೆಂಟರಿಯೇ ಬರುತ್ತೆ ಅಂತ ಹೇಳಿ ತಲೆ ಬಾಗಿಸಿ ನಕ್ಕರು. ಅವರಪ್ಪ ಈಗಿಲ್ಲ.

ಎ ಸೈಡು ಮುಗಿದಾಗ

ಮೂರನೇ ಸಂಜೆ. ದಪ್ಪ ಬೆನ್ನಿನ ಹಳೇ ಟೀವಿ, ಅದಕ್ಕೆ ಸಿಕ್ಕಿಸಿದ ಅಸಲಿ ಫ್ಯಾಮಿಕಾಂ. ಕೂತೆ. ಮಾರಿಯೋ ಓಡಿದ. ಹಾಡು ಶುರುವಾಯಿತು. ಮೊಬೈಲಿನಲ್ಲಿ, ರಿಂಗ್‌ಟೋನಿನಲ್ಲಿ ಈಚೆಗೆ ಕೇಳಿದ್ದೆ. ಆದರೆ ಕೈಯಲ್ಲಿ ಬಟನ್ನು ಹಿಡಿದು ಕೇಳಿದ್ದು ಅದೇ ಮೊದಲು. ಏನು ಹೇಳಲಿ, ಬೇರೆ ಯಾರದೋ ಮನೆಗೆ ನುಗ್ಗಿದ ಹಾಗಾಯಿತು! ಬೆರಳುಗಳು ಹಂಸಲೇಖರ ತಾಳಕ್ಕೆ ಎಗರಲು ಹೋಗಿ ಮೊದಲನೇ ಗುಂಡಿಗೇ ಬಿದ್ದೆ.

ಗಡಿಯಾರ ನೋಡಿದೆ. ಇಲ್ಲಿ ಸಂಜೆ ಏಳು. ನಮ್ಮಲ್ಲಿ ಮೂರೂವರೆ. ಗ್ಯಾರೇಜಿನಲ್ಲಿ ಊಟ ಮುಗಿಸಿರುವ ಹೊತ್ತು. ಯೋಚನೆ ಮಾಡಿದರೆ ಧೈರ್ಯ ಹೋಗುತ್ತೆ ಅಂತ ಥಟ್ಟನೆ ಫೋನು ಒತ್ತಿದೆ.

"ಏನೋ? ಏನಾದ್ರೂ ಆಯ್ತಾ?" ಅಣ್ಣನ ದನಿಯಲ್ಲಿ ಗಾಬರಿ.

"ಏನಿಲ್ಲಣ್ಣ. ಸುಮ್ನೆ ಕೇಳು." ಫೋನು ಟೀವಿಯ ಹತ್ತಿರ ಹಿಡಿದೆ. ಅರ್ಧ ನಿಮಿಷ ಆ ಕಡೆ ಸ್ಪ್ಯಾನರ್ ಬಿದ್ದ ಸದ್ದು ಬಿಟ್ಟರೆ ಏನೂ ಇಲ್ಲ.

"ಏನೋ ಇದು, ಪೀಂ ಪೀಂ ಅಂತ?"

"ಮಾರಿಯೋ ಅಣ್ಣ."

"ಥೂ… ಅದಕ್ಕೆ ಹಾಡು ಬೇರೆ ಇತ್ತಾ?" ಸ್ವಲ್ಪ ತಡೆದು, "ನಮ್ದೇ ಚೆನ್ನಾಗಿತ್ತು ಬಿಡೋ. ಎಷ್ಟನೇ ಬೋರ್ಡಲ್ಲಿದೀಯ?"

"ಮೊದಲ್ನೇದ್ರಲ್ಲೇ ಸತ್ತೆ."

ಅಣ್ಣ ನಕ್ಕ. ಹತ್ತು ವರ್ಷದ ಮೇಲೆ ಕೇಳಿದ ನಗು. "ಸೌಂಡು ತೆಗ್ದಾಡೋ" ಅಂದ. ಆಮೇಲೆ ಯಾರೋ ಗಿರಾಕಿ ಕರೆದರು, ಫೋನು ಇಟ್ಟ.

ಕೆಳಗಿನ ಮಹಡಿಗೆ ಇಳಿದು ಒಂದು ಮಾರಿಯೋ ಕ್ಯಾಸೆಟ್ಟು ಕೊಂಡೆ. ಅಸಲಿ ಫ್ಯಾಮಿಕಾಂ ಕ್ಯಾಸೆಟ್ಟಿಗೂ ನಮ್ಮ ನಕಲಿ ಪೆಟ್ಟಿಗೆಗೂ ಕಾಲು ಒಂದೇ ಲೆಕ್ಕ, ಅರವತ್ತು ಪಿನ್ನು. ಪೆಟ್ಟಿಗೆ ಇನ್ನೂ ನಮ್ಮನೆ ಅಟ್ಟದ ಮೇಲಿದೆ ಅಂತ ಅಮ್ಮ ಹೇಳಿದ್ದಾಳೆ. ಈ ಲೇಖನ ಸಂಪಾದಕರ ಕೈಗೆ ಕೊಟ್ಟು ನಾನು ಅರಸೀಕೆರೆಯ ಬಸ್ಸು ಹತ್ತುತ್ತಿದ್ದೇನೆ. ಟೇಪ್ ರೆಕಾರ್ಡರಿನ ಬೆಲ್ಟು ಸವೆದಿದ್ದರೆ ಅಣ್ಣನೇ ಹಾಕಿಯಾನು, ಅವನು ಮೆಕ್ಯಾನಿಕ್ಕು. ಎ ಸೈಡು ಎಂದಿನ ಹಾಗೆ ಅವನದೇ. ನಾನು ಕಾಯುತ್ತೇನೆ.