ಒಂದಕ್ಷರದ ಭಾರ

ಸೂತ್ರದಲ್ಲಿ ಅರ್ಧಮಾತ್ರೆ ಉಳಿದರೂ ವೈಯಾಕರಣರಿಗೆ ಪುತ್ರೋತ್ಸವದ ಸಂತೋಷವೆಂದು ಪಾಠಶಾಲೆಗಳಲ್ಲಿ ಹೇಳುವುದುಂಟು. ಆ ಲಾಘವವನ್ನೇ ನೆಚ್ಚಿಕೊಂಡು ಇಂಗ್ಲಿಷಿಗೆ ಕೈಹಾಕಿದವನು ಮೊದಲು ಎಡವುವುದು ‘ಎ’, ‘ದಿ’ ಎಂಬೆರಡು ಅಲ್ಪಪದಗಳಲ್ಲಿ. ಸಂಸ್ಕೃತದಲ್ಲಿ ಇವಕ್ಕೆ ಸಮಾನವಾದುವಿಲ್ಲ; ಕನ್ನಡದಲ್ಲಿಯೂ ಇಲ್ಲ. ಇಲ್ಲದುದರಿಂದ ಕಾಳಿದಾಸನಿಗಾಗಲಿ ಪಂಪನಿಗಾಗಲಿ ಏನೂ ಕೊರತೆಯಾಗಲಿಲ್ಲವಷ್ಟೆ! ಆದಕಾರಣ ಕನ್ನಡಿಗನು ಅವುಗಳನ್ನು ಬರಿಯ ಆಭರಣವೆಂದೆಣಿಸಿ, ನೆನಪಾದಲ್ಲಿ ತೊಡಿಸುತ್ತಾನೆ, ಮರೆತಲ್ಲಿ ಬಿಡುತ್ತಾನೆ.

‘ಫ್ಯೂ’ ಮತ್ತು ‘ಎ ಫ್ಯೂ’ ಎಂಬುವನ್ನೇ ನೋಡಬಹುದು. ಎರಡಕ್ಕೂ ‘ಕೆಲವು’ ಎಂದೇ ಬಾಯಿಪಾಠ ಮಾಡಿಸುವ ವಾಡಿಕೆ. ಒಬ್ಬ ಉಪಾಧ್ಯಾಯರು ಶಿಷ್ಯನಿಗೆ ಯೋಗ್ಯತಾಪತ್ರವನ್ನು ಬರೆಯುತ್ತ, ಅವನಲ್ಲಿ ಕೆಲವು ಸದ್ಗುಣಗಳಿವೆಯೆಂಬ ಅಭಿಪ್ರಾಯದಿಂದ ಬರಿಯ ‘ಫ್ಯೂ’ ಎಂದು ಬರೆದರೆನ್ನಿ. ಓದುವ ಅಧಿಕಾರಿಗೆ ತೋರುವ ಅರ್ಥವು, ಸದ್ಗುಣಗಳು ಇಲ್ಲವೆಂಬಷ್ಟು ಕಡಮೆ ಎಂದು. ಹರಸಹೋದ ಕೈಯೇ ಹುಡುಗನ ಅನ್ನಕ್ಕೆ ಕಲ್ಲು ಹಾಕಿದಂತಾಯಿತು. ‘ಲಿಟ್ಲ್’, ‘ಎ ಲಿಟ್ಲ್’ ಎಂಬುವುಗಳ ಗತಿಯೂ ಇದೇ. ಕನ್ನಡದಲ್ಲಿ ಈ ಭೇದವಿಲ್ಲವೆಂದಲ್ಲ. ಅವಧಾರಣೆಯ ಏಕಾರವು ಅದನ್ನು ಚೆನ್ನಾಗಿ ನಿರ್ವಹಿಸುತ್ತದೆ. ಮನೆಯಾಕೆ ‘ಸ್ವಲ್ಪ ಅಕ್ಕಿಯಿದೆ’ ಎಂದರೆ ಅತಿಥಿಯು ಕುಳಿತುಕೊಳ್ಳಬಹುದು. ‘ಸ್ವಲ್ಪವೇ ಇದೆ’ ಎಂದರೆ ಏಳುವುದು ಲೇಸು. ಕೊರತೆಯನ್ನು ತೋರಿಸಲು ಕನ್ನಡಿಗನು ಒಂದು ಸ್ವರವನ್ನು ಸೇರಿಸುತ್ತಾನೆ, ಇಂಗ್ಲಿಷಿನವನು ಒಂದನ್ನು ತೆಗೆಯುತ್ತಾನೆ. ಗೊಂದಲವೆಲ್ಲ ಈ ವೈಪರೀತ್ಯದಿಂದ ಹುಟ್ಟಿದ್ದು.

‘ದಿ’ ಎಂಬುದರ ಲೋಪವಾದರೋ ರಾಜ್ಯಗಳನ್ನೇ ಮುಟ್ಟಿದೆ. 1967ನೆಯ ಜೂನ್ ತಿಂಗಳಿನ ಯುದ್ಧದಲ್ಲಿ ಸೀನಾಯಿ, ಗಾಜಾ, ಜೋರ್ಡನ್ ನದಿಯ ಪಶ್ಚಿಮದ ದಡ, ಗೋಲಾನ್ ಬೆಟ್ಟಗಳು ಇಸ್ರೇಲಿನ ವಶವಾದುವು. ಅದೇ ವರ್ಷ ನವೆಂಬರ್ 22ರಂದು ಸಂಯುಕ್ತ ರಾಷ್ಟ್ರಗಳ ಭದ್ರತಾ ಮಂಡಳಿಯು, ಬ್ರಿಟನ್ನಿನ ಲಾರ್ಡ್ ಕ್ಯಾರಡನ್ ತಂದ 242ನೆಯ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಸೈನ್ಯವು ಆಕ್ರಮಿತ ಪ್ರದೇಶಗಳಿಂದ ಹಿಂದೆಗೆಯಬೇಕೆಂಬುದು ಅದರ ಒಂದು ಅಂಶ. ಇಂಗ್ಲಿಷ್ ಪಾಠದಲ್ಲಿ ‘ಪ್ರದೇಶಗಳು’ ಎಂಬುದರ ಹಿಂದೆ ‘ದಿ’ ಇಲ್ಲ. ಫ್ರೆಂಚ್ ಪಾಠದಲ್ಲಿ ಅದಕ್ಕೆ ಸಮನಾದ ಪದವು ‘ದೆ’ ಎಂಬ ಸಂಧಿರೂಪದಲ್ಲಿ ಅಡಗಿ ಕುಳಿತಿದೆ! ‘ದಿ’ ಇಲ್ಲದುದರಿಂದ ಎಲ್ಲ ಪ್ರದೇಶಗಳನ್ನೂ ಬಿಡಬೇಕಾದುದಿಲ್ಲವೆಂದು ಇಸ್ರೇಲಿನ ವಾದ. ಯುದ್ಧದಿಂದ ನೆಲವನ್ನು ಸಂಪಾದಿಸಲಾಗದೆಂದು ಅದೇ ನಿರ್ಣಯದ ಪೀಠಿಕೆಯಲ್ಲಿರುವುದರಿಂದ ಎಲ್ಲವನ್ನೂ ಬಿಡಬೇಕೆಂದು ಅರಬ್ಬರ ವಾದ. ಇದು ಕೈತಪ್ಪಿ ಬಿಟ್ಟ ಪದವಲ್ಲ, ಬೇಕೆಂದೇ ಬಿಟ್ಟುದು. ಸೀನಾಯಿಯು 1979ರ ಒಪ್ಪಂದದ ಮೇರೆಗೆ 1982ರಲ್ಲಿ ಈಜಿಪ್ಟಿಗೆ ಮರಳಿತು. ಮಿಕ್ಕ ವ್ಯಾಜ್ಯವು ಇನ್ನೂ ತೀರಿಲ್ಲ.

ಈ ವಾಕ್ಯವನ್ನು ಕನ್ನಡಿಸುವವನ ಪಾಡು ವಿಚಿತ್ರವಾದುದು. ‘ಆ ಪ್ರದೇಶಗಳಿಂದ’ ಎಂದರೆ ಒಂದು ಪಕ್ಷಕ್ಕೆ ತೀರ್ಪು ಕೊಟ್ಟಂತೆ. ‘ಕೆಲವು ಪ್ರದೇಶಗಳಿಂದ’ ಎಂದರೆ ಇನ್ನೊಂದಕ್ಕೆ. ಏನನ್ನೂ ಸೇರಿಸದೆ ‘ಪ್ರದೇಶಗಳಿಂದ’ ಎಂದಷ್ಟೇ ಬರೆದರೆ ಯಾರೂ ಆಕ್ಷೇಪಿಸಲಾರರು. ಆದರೆ ಅಲ್ಲಿ ಒಂದು ಪದವು ಇಲ್ಲವೆಂಬುದೇ ಕನ್ನಡವನ್ನು ಓದುವವನಿಗೆ ಗೊತ್ತಾಗದು.