ಒಂದು ಪಾಯಿಂಟಿನ ವ್ಯತ್ಯಾಸ

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಒಂದು ರೂಪಾಯಿಗಾಗಿ ರಾತ್ರಿ ಎಂಟರವರೆಗೆ ಕೂತು ಹುಡುಕಿದ್ದೇವೆ. ಎಲ್ಲೋ ಒಂದು ವೋಚರಿನಲ್ಲಿ ಸಿಗುತ್ತಿತ್ತು. 2001ರ ಫುಟ್‌ಬಾಲ್ ಲೆಕ್ಕ ಹಾಗಲ್ಲ. ಅದು ಎಲ್ಲಿ ತಪ್ಪಿತೆಂದು ಅವತ್ತಿನಿಂದಲೂ ನನಗೆ ಗೊತ್ತು.

ಆಗ ನಾನು ಹೈದರಾಬಾದಿಗೆ ವರ್ಗವಾಗಿ ಬಂದು ನಾಲ್ಕು ವರ್ಷವಾಗಿತ್ತು. 2002ರ ಕೊರಿಯಾ-ಜಪಾನ್ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳು ಶುರುವಾಗಿದ್ದವು. ನಮ್ಮ ಗುಂಪಿನಲ್ಲಿ ಯುಎಇ, ಯೆಮನ್, ಬ್ರೂನೈ. ಪ್ರತಿಯೊಬ್ಬರ ಜೊತೆಗೂ ಊರಲ್ಲೊಂದು, ಹೊರಗೊಂದು ಆಟ. ಗೆದ್ದರೆ ಮೂರು ಪಾಯಿಂಟು, ಸಮವಾದರೆ ಒಂದು. ಗುಂಪಿನ ಮೊದಲಿಗರಿಗೆ ಮಾತ್ರ ಮುಂದಿನ ಸುತ್ತು. ಭಾರತ ತನ್ನ ಊರಿನ ಪಂದ್ಯಗಳನ್ನು ಆಡಿದ್ದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ!

ಅಣ್ಣ, ಅಂದರೆ ನಮ್ಮ ತಂದೆ, ಎಚ್‌ಎಎಲ್‌ನಿಂದ ನಿವೃತ್ತರಾಗಿ ಬೆಂಗಳೂರಿನಲ್ಲೇ ಇದ್ದರು. ಆಸ್ಟಿನ್ ಟೌನಿನ ಹುಡುಗರ ಆಟ ನೋಡಿಕೊಂಡೇ ಬೆಳೆದವರು. ಕ್ರಿಕೆಟ್ಟೆಂದರೆ ಅವರಿಗೆ ಅಷ್ಟಕ್ಕಷ್ಟೆ. ಮಾರ್ಚಿನಲ್ಲೇ ಫೋನ್ ಮಾಡಿದರು. "ಎರಡು ಭಾನುವಾರ ಬಂದುಬಿಡೋ, ಇಬ್ರೂ ಹೋಗೋಣ."

ಏಪ್ರಿಲ್ 8ರ ಭಾನುವಾರ ಯುಎಇ ಜೊತೆ. ನಮ್ಮ ಶಾಖೆಯಲ್ಲಿ ಆಡಿಟ್ ನಡೆದಿತ್ತು, ಹೋಗುವ ಹಾಗಿರಲಿಲ್ಲ. ರಾತ್ರಿ ಫೋನಿನಲ್ಲಿ ಅಣ್ಣನ ಗಂಟಲೇ ಬಿದ್ದುಹೋಗಿತ್ತು. "ಜೂಲ್ಸ್ ಆಲ್ಬರ್ಟೋ ಹೊಡೆದ್ನೋ! ಒಂದು-ಸೊನ್ನೆ!" 1990ರ ವಿಶ್ವಕಪ್ ಆಡಿ ಬಂದಿದ್ದ ದೇಶವನ್ನು ಸೋಲಿಸಿದ್ದೆವು. ಮಾರನೇ ದಿನ ನಮ್ಮ ಹೆಡ್ ಕ್ಯಾಷಿಯರ್ ಸಾಹೇಬರು ವಿತ್‌ಡ್ರಾಯಲ್ ಸ್ಲಿಪ್ಪಿನ ಹಿಂದೆ ಗುಂಪಿನ ಕೋಷ್ಟಕ ಬರೆದು ನನ್ನ ಮೇಜಿನ ಗಾಜಿನಡಿ ಸೇರಿಸಿದರು. 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಕೋಚ್ ರಹೀಮ್ ಸಾಹೇಬರು ಅವರ ಊರಿನವರು. ಹಾಗಾಗಿ ಫುಟ್‌ಬಾಲ್ ಹೈದರಾಬಾದಿನದೇ ಆಸ್ತಿ ಎಂಬುದು ಅವರ ವಾದ.

ಮುಂದಿನ ವಾರ ಗುಡ್ ಫ್ರೈಡೇ, ಅಂಬೇಡ್ಕರ್ ಜಯಂತಿ, ಭಾನುವಾರ, ಸಾಲಾಗಿ ರಜೆ. ಆಡಿಟ್ ಮುಗಿದಿತ್ತು. ಕಾಚಿಗುಡಾದಲ್ಲಿ ರೈಲು ಹತ್ತಿದ್ದರೆ ಬೆಳಿಗ್ಗೆ ಬೆಂಗಳೂರು. ಹೋಗಲಿಲ್ಲ. ಕಾರಣ ಕೇಳಿದರೆ ಸೋಮಾರಿತನ ಅಷ್ಟೆ. "ಇನ್ನೂ ಕೆಲಸ ಬಾಕಿ ಇದೆ ಅಣ್ಣ" ಅಂದೆ.

15ನೇ ತಾರೀಖು ಯೆಮನ್ ಜೊತೆ 1-1. ರಾತ್ರಿ ನಾನೇ ಫೋನ್ ಮಾಡಿದೆ.

"ಸಮ ಆಯ್ತು ಕಣೋ" ಅಂದರು. ಸ್ವಲ್ಪ ತಡೆದು, "ಟಿಕೆಟ್ ಎರಡು ತಗೊಂಡಿದ್ದೆ. ಪಕ್ಕದ ಸೀಟಿನಲ್ಲಿ ಛತ್ರಿ ಇಟ್ಕೊಂಡು ಕೂತಿದ್ದೆ."

ಆಮೇಲೆ ಯುಎಇಯಲ್ಲಿ 0-1 ಸೋಲು. ಯೆಮನ್ನಿನಲ್ಲಿ 3-3. ಬ್ರೂನೈಯನ್ನು ಅವರಲ್ಲಿ 1-0, ಬೆಂಗಳೂರಿನಲ್ಲಿ 5-0ಯಿಂದ ಸೋಲಿಸಿದರೂ ಕೊನೆಯ ಲೆಕ್ಕ ಹೀಗಾಯಿತು: ಯುಎಇ 12, ಯೆಮನ್ 11, ಭಾರತ 11. ಬೆಂಗಳೂರಿನಲ್ಲಿ ಯೆಮನ್ನನ್ನು ಸೋಲಿಸಿದ್ದಿದ್ದರೆ ನಮಗೆ 13. ಸಾಹೇಬರು ಸ್ಲಿಪ್ಪನ್ನು ಗಾಜಿನಡಿಯಿಂದ ತೆಗೆಯಲೂ ಇಲ್ಲ, ಅದರ ಬಗ್ಗೆ ಮಾತಾಡಲೂ ಇಲ್ಲ.

ದಸರೆಗೆ ಅಣ್ಣ ಹೈದರಾಬಾದಿಗೆ ಬಂದಾಗ ಸಾಹೇಬರನ್ನು ಮನೆಗೆ ಕರೆದೆ. ಇವರದು ಹರಕು ಹಿಂದಿ, ಅವರದು ದಖನಿ. ಟೀಪಾಯಿ ಮೇಲೆ ಲೋಟ, ಚಮಚ, ಸಕ್ಕರೆ ಡಬ್ಬಿ ಜೋಡಿಸಿ ಇಬ್ಬರೂ ಆ ಯೆಮನ್ ಪಂದ್ಯವನ್ನು ಮೊದಲಿಂದ ಆಡಿಸಿದರು. ಕಾಫಿ ತಂದ ನಾನು, ಡಿಫೆನ್ಸ್ ಸ್ವಲ್ಪ ಬಿಗಿಯಾಗಿರಬೇಕಿತ್ತೇನೋ ಅಂದೆ.

ಅಣ್ಣ ತಲೆಯೆತ್ತಲಿಲ್ಲ. "ನೀನು ಆ ಮ್ಯಾಚ್ ನೋಡಿಲ್ವಲ್ಲ, ಸುಮ್ನಿರು" ಅಂದು ಚಮಚವನ್ನು ಇನ್ನೊಂದು ಪಕ್ಕಕ್ಕೆ ಸರಿಸಿದರು.